ಹಕಾರ ನುಂಗಿದ ಬೆರಳು

ಅವರ ಬಲಗೈಯ ತೋರುಬೆರಳು ಮೊದಲ ಗೆಣ್ಣಿಗೇ ಮುಗಿದುಹೋಗಿತ್ತು. ಚಿಕ್ಕಂದಿನಲ್ಲಿ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿಕೊಂಡಿತ್ತಂತೆ. ಉಳಿದ ಮೋಟು ನುಣ್ಣಗೆ ಹುಣಸೆಬೀಜದ ಹಾಗೆ ಹೊಳೆಯುತ್ತಿತ್ತು. ಹೊಸದಾಗಿ ಬಂದವರು ಅದನ್ನು ಕದ್ದು ಕದ್ದು ನೋಡುತ್ತಿದ್ದರೆ ಆ ಮೋಟನ್ನು ಅವರ ಮುಖದ ಮುಂದೆಯೇ ಹಿಡಿದು, "ಸರ್ಯಾಗ್ ನೋಡ್ದಾ? ಇನ್ನೊಂದ್ಸಲಿ ನೋಡು" ಎನ್ನುತ್ತಿದ್ದರು. ಕಂಪ್ಯೂಟರಿನ ಕೀಲಿಗಳನ್ನು ನಡುಬೆರಳಲ್ಲಿ ಕುಟ್ಟುತ್ತಿದ್ದರು. ಹತ್ತು ಬೆರಳೂ ನೆಟ್ಟಗಿದ್ದ, ಟೈಪಿಂಗ್ ಪರೀಕ್ಷೆ ಪಾಸು ಮಾಡಿದ್ದ ನನಗಿಂತ ಬೇಗ ಕುಟ್ಟುತ್ತಿದ್ದರು. ಅವರ ಮೇಲೆ ನನಗೆ ಹುಟ್ಟಿದ ಮೊದಲ ಹೊಟ್ಟೆಕಿಚ್ಚು ಅದು.

ಮೊದಲನೆಯದು ಅಂದೆ. ಅಂದರೆ ಆಮೇಲೆ ಬಹಳ ಇವೆ ಎಂದೇ ಅರ್ಥ. ಸತ್ತವರ ಬಗ್ಗೆ ಬರೆಯುವಾಗ ಒಳ್ಳೆಯ ಮಾತು ಮಾತ್ರ ಆಡಬೇಕು ಎನ್ನುತ್ತಾರೆ. ಅವರ ಬಗ್ಗೆ ಕೆಟ್ಟದ್ದು ಹೇಳಲು ನನ್ನಲ್ಲಿ ಏನೂ ಇಲ್ಲ, ಅದೇ ನನ್ನ ಸಂಕಟ. ಇಲ್ಲಿ ಕೆಟ್ಟವಳು ನಾನು.

ಮಂಡ್ಯದ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಅವರು ಡೆಮಾನ್‌ಸ್ಟ್ರೇಟರ್ ಆಗಿದ್ದರು. ಎಂ.ಎಸ್ಸಿ. ಮುಗಿಸಿ, ಬೆಸಗರಹಳ್ಳಿಗೆ ಮದುವೆಯಾಗಿ ಬಂದು, ಓದನ್ನು ಅಲ್ಲಿಗೇ ನಿಲ್ಲಿಸಿದ್ದರು. ಪ್ರಿನ್ಸಿಪಾಲರಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರೂ ಅವರನ್ನು ಕರೆಯುತ್ತಿದ್ದುದು ಲ್ಯಾಬಕ್ಕ ಅಂತ. ನಾನು ಅದೇ ವಿಭಾಗದಲ್ಲಿ ಪಿಎಚ್.ಡಿ. ಮಾಡಲು ಸೇರಿದವಳು. ನನ್ನ ಗೈಡು ಆ ವಿಭಾಗದ ಹಿರಿಯ ಮೇಷ್ಟ್ರು. ಅವರಿಗೆ ನಾನು ವಿದ್ಯಾರ್ಥಿನಿ, ಲ್ಯಾಬಕ್ಕ ಬಲಗೈ. ಬೆರಳು ಒಂದು ಕಮ್ಮಿ ಇದ್ದ ಬಲಗೈ, ಎಂದು ನಾನು ಒಮ್ಮೆ ಹಿಂದಿನಿಂದ ಆಡಿಕೊಂಡಿದ್ದೂ ಉಂಟು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳಿದ್ದೇನೆ.

ನಾನು ಬೆಳಕವಾಡಿಯವಳು. ನಮ್ಮ ಕಡೆ ಬಾಯಿಗೆ ಹಕಾರ ಹತ್ತುವುದಿಲ್ಲ. ಹಾಲು ಆಲು, ಹಳ್ಳಿ ಅಳ್ಳಿ, ಹೆದರಿಕೆ ಎದ್ರಿಕೆ. ಓದಲು ಮೈಸೂರಿಗೆ ಹೋದಾಗ ಹಾಸ್ಟೆಲಿನಲ್ಲಿ ಮೊದಲ ದಿನವೇ "ಆಲು ಐತಾ?" ಎಂದು ಕೇಳಿಬಿಟ್ಟೆ. ಊಟದ ಮೇಜಿನ ಹುಡುಗಿಯರೆಲ್ಲ ಬಿದ್ದು ಬಿದ್ದು ನಕ್ಕರು. ಅಲ್ಲಿದ್ದಷ್ಟು ದಿನ ನನ್ನ ಹೆಸರು ಆಲೂಗಡ್ಡೆ. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಹಾಲು, ಹಣ್ಣು, ಹೂವು, ಹಗ್ಗ ಎಂದು ಉರು ಹೊಡೆದೆ. ಎಷ್ಟು ಹೊಡೆದೆನೆಂದರೆ, ರಜಕ್ಕೆ ಊರಿಗೆ ಬಂದವಳು ಅವ್ವನಿಗೆ "ಹನ್ನ ಹಾಕು" ಎಂದೆ. ಅವ್ವ ಸೌಟು ಕೆಳಗಿಟ್ಟು, "ಅದೇನ್ ಬಂತೇ ನಿನ್ ಬಾಯ್ಗೆ?" ಎಂದು ಹಣೆ ಮುಟ್ಟಿ ನೋಡಿದಳು. ಅಂತೂ ಎಂ.ಎಸ್ಸಿ. ಮುಗಿಯುವಷ್ಟರಲ್ಲಿ ನನ್ನ ನಾಲಿಗೆ ಯಾರೂ ಬೆರಳಿಟ್ಟು ತೋರಿಸಲಾಗದಷ್ಟು ಶುದ್ಧವಾಗಿತ್ತು.

ಲ್ಯಾಬಕ್ಕನೂ ನನ್ನಷ್ಟೇ ಓದಿದ್ದರು, ಆದರೆ ನಾಲಿಗೆಯ ಗೊಡವೆಗೇ ಹೋಗಿರಲಿಲ್ಲ. ಪರೀಕ್ಷೆಗೆ ಹೊರಗಿನಿಂದ ಬಂದ ದೊಡ್ಡ ಪ್ರೊಫೆಸರ ಮುಂದೆ, "ಸಾರ್, ಜಿರಲೆ ಒಟ್ಟೆ ಬಿಚ್ಚಿ ಅಂಗೇ ಇಟ್ಟಿವ್ನಿ, ನೋಡ್ಕಳಿ" ಎನ್ನುತ್ತಿದ್ದರು. ನಾನು ಮುಖ ಮುಚ್ಚಿಕೊಳ್ಳುವ ಹಾಗಾಗುತ್ತಿತ್ತು. ಪ್ರೊಫೆಸರು ಮಾತ್ರ ಅವರನ್ನೇ ಹುಡುಕಿಕೊಂಡು ಬಂದು ಮಾತಾಡಿಸಿ ಹೋಗುತ್ತಿದ್ದರು. ನನ್ನ ಶುದ್ಧ ಕನ್ನಡವನ್ನು ಯಾರೂ ಹುಡುಕಿಕೊಂಡು ಬರಲಿಲ್ಲ.

ಮಧ್ಯಾಹ್ನ ಅವರ ಮೇಜಿನ ಸುತ್ತ ಜನ. ಸ್ಟೀಲ್ ಡಬ್ಬಿಯಲ್ಲಿ ಮುದ್ದೆ, ಇನ್ನೊಂದರಲ್ಲಿ ಬಸ್ಸಾರು, ಮೂರನೆಯದರಲ್ಲಿ ಹಿಪ್ಪುನೇರಳೆ ಹಣ್ಣು. ಮೂರನೆಯದು ವಿದ್ಯಾರ್ಥಿಗಳಿಗೆ. ನನಗೂ ಮುದ್ದೆ ಅಂದರೆ ಪ್ರಾಣ, ಆದರೆ ನಾನು ಚಪಾತಿ ತರುತ್ತಿದ್ದೆ, ಗೋಡೆಯ ಕಡೆ ಮುಖ ಮಾಡಿ ತಿನ್ನುತ್ತಿದ್ದೆ. ಇಲಿಗಳಿಗೂ ಅವರೇ ಬೇಕು. ನನ್ನನ್ನು ಎರಡು ಸಲ ಕಚ್ಚಿದ್ದವು. ಅವರು "ಬಾರಪ್ಪ ಮಗ" ಎಂದು ಅಂಗೈ ಚಾಚಿದರೆ ತಾವಾಗಿಯೇ ಹತ್ತಿ ಕೂರುತ್ತಿದ್ದವು.

ಇಲಿಗಳೇ ನನ್ನ ಸಂಶೋಧನೆ. ಒಂದಷ್ಟು ಇಲಿಗಳನ್ನು ಹುಲ್ಲು, ಮರದ ಚೆಂಡು, ನುಸುಳಲು ಕೊಳವೆ ಎಲ್ಲ ಇಟ್ಟ ಪಂಜರದಲ್ಲಿ ಬೆಳೆಸಿದ್ದೆ. ಇನ್ನೊಂದಷ್ಟನ್ನು ಬೋಳು ಪಂಜರದಲ್ಲಿ. ಆಮೇಲೆ ಒಂದೊಂದನ್ನೇ ತೆರೆದ ಪೆಟ್ಟಿಗೆಯಲ್ಲಿ ಬಿಟ್ಟು, ಥಟ್ಟನೆ ಗಂಟೆ ಬಾರಿಸಿ, ಏನು ಮಾಡುತ್ತದೆಂದು ಮೇಲಿನಿಂದ ವೀಡಿಯೊ ತೆಗೆಯುವುದು. ಗಂಟೆ ಕೇಳಿ ಹಿಂಗಾಲ ಮೇಲೆ ಎದ್ದು ನಿಂತು ಸುತ್ತ ನೋಡಿದರೆ ಅದು ಕುತೂಹಲ. ನಾಲ್ಕು ಕಾಲೂ ಊರಿ, ಮಿಸುಕಾಡದೆ, ಕಲ್ಲಿನ ಹಾಗೆ ನಿಂತರೆ ಅದು ಹೆದರಿಕೆ. ಆಟವಾಡಿ ಬೆಳೆದ ಇಲಿಗೆ ಧೈರ್ಯ ಹೆಚ್ಚಾಗಿರುತ್ತದೆಯೇ ಎಂಬುದು ನನ್ನ ಪ್ರಶ್ನೆ. ಹೆಚ್ಚಾಗಿರಬೇಕು ಎಂಬುದು ನನ್ನ ಆಸೆ. ಮಳವಳ್ಳಿಯ ಕಾಲೇಜಿನಲ್ಲಿ ಒಂದು ಉಪನ್ಯಾಸಕರ ಹುದ್ದೆ ಖಾಲಿಯಾಗುವುದಿತ್ತು. ಆ ಹೊತ್ತಿಗೆ ಪಿಎಚ್.ಡಿ. ಕೈಲಿದ್ದರೆ ಅದು ನನ್ನದೇ.

ವೀಡಿಯೊ ನೋಡಿ ಲೆಕ್ಕ ಹಾಕುವ ತಂತ್ರಾಂಶವನ್ನು ಹುಡುಕಿ ತಂದವರು ಲ್ಯಾಬಕ್ಕ. ಅದು ಯಾರ ಸ್ವತ್ತೂ ಅಲ್ಲ, ಎಲ್ಲರಿಗೂ ಮುಕ್ತ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಒಳಗೆ ಏನು ಬರೆದಿದೆ ಎಂದು ಬಿಚ್ಚಿ ನೋಡಬಹುದು, ತಪ್ಪು ಕಂಡರೆ ತಿದ್ದಿ ಎಲ್ಲರಿಗೂ ಹಂಚಬಹುದು. ತಿದ್ದಿದವರ ಹೆಸರು, ಯಾಕೆ ತಿದ್ದಿದೆವು ಎಂಬ ಎರಡು ಸಾಲು ಅದರ ಇತಿಹಾಸದಲ್ಲಿ ಹಾಗೆಯೇ ಉಳಿಯುತ್ತದೆ. ಇಲಿಯ ವೀಡಿಯೊ ಓಡುತ್ತಿರುವಾಗ ಅದು ಮಾಡುವ ಒಂದೊಂದು ಕೆಲಸಕ್ಕೂ ಒಂದೊಂದು ಕೀಲಿ ಒತ್ತುತ್ತಾ ಹೋದರೆ ಸಾಕು. ಎಷ್ಟು ಸಲ, ಎಷ್ಟು ಹೊತ್ತು ಎಂಬ ಪಟ್ಟಿಯನ್ನು, ಗ್ರಾಫನ್ನು ಅದೇ ಮಾಡಿಕೊಡುತ್ತದೆ.

ಲ್ಯಾಬಕ್ಕ ಅದರ ಹೊಟ್ಟೆ ಬಿಚ್ಚಿಯೇಬಿಟ್ಟರು. ಅವರು ಬೆಸಗರಹಳ್ಳಿಯಿಂದ ಬಸ್ಸಿನಲ್ಲಿ ಮದ್ದೂರಿಗೆ ಬಂದು ಪ್ಯಾಸೆಂಜರ್ ರೈಲು ಹಿಡಿಯುತ್ತಿದ್ದರು. ನನ್ನ ಗಂಡನ ಮನೆ ಮದ್ದೂರಿನಲ್ಲಿ, ಹಾಗಾಗಿ ಮಂಡ್ಯದ ತನಕ ದಿನಾ ಜೊತೆ. ನಾನು ಕಿಟಕಿ ನೋಡುತ್ತಿದ್ದರೆ ಅವರು ಆ ತಂತ್ರಾಂಶದ ಸಾಲುಗಳನ್ನು ಕಾಗದದ ಮೇಲೆ ಪ್ರಿಂಟ್ ಹಾಕಿಸಿ ತಂದು ಪೆನ್ಸಿಲ್ಲಿನಲ್ಲಿ ಗೀಟು ಎಳೆಯುತ್ತಾ ಕೂರುತ್ತಿದ್ದರು. "ಇದೆಲ್ಲ ಹೇಗಕ್ಕ ಅರ್ಥ ಆಗುತ್ತೆ ನಿಮಗೆ?" ಎಂದರೆ, "ಕಪ್ಪೆ ಬಿಚ್ಚಿ ನೋಡ್ದೋಳ್ಗೆ ಇದೇನ್ ಮಹಾ ಕಣಮ್ಮಿ" ಎನ್ನುತ್ತಿದ್ದರು. ಒಂದು ವರ್ಷದೊಳಗೆ ಅವರು ತಿದ್ದಿ ಕಳಿಸಿದ್ದು ಆ ತಂತ್ರಾಂಶದಲ್ಲಿ ಸೇರಿತು. ಕೊಡುಗೆ ಕೊಟ್ಟವರ ಪಟ್ಟಿಯಲ್ಲಿ, ಉಚ್ಚರಿಸಲೂ ಬಾರದ ಹೆಸರುಗಳ ನಡುವೆ, ಅವರ ಹೆಸರು ಬಂತು. ಎಲ್ಲೋ ದೂರದೇಶದ ಲ್ಯಾಬಿನವರು ಥ್ಯಾಂಕ್ಸ್ ಹೇಳಿ ಪತ್ರ ಬರೆದರು. ಮೇಷ್ಟ್ರು ಅದನ್ನು ಪ್ರಿಂಟ್ ಹಾಕಿಸಿ ನೋಟೀಸ್ ಬೋರ್ಡಿಗೆ ಚುಚ್ಚಿದರು. ಆ ಬೋರ್ಡು ತಪ್ಪಿಸಲು ನಾನು ಎಷ್ಟೋ ದಿನ ಹಿಂದಿನ ಮೆಟ್ಟಿಲಿನಿಂದ ಹತ್ತಿದೆ.

ಕೀಲಿಗಳಿಗೆ ನಾನು ಇಂಗ್ಲಿಷಿನಲ್ಲಿ ಹೆಸರಿಟ್ಟಿದ್ದೆ. ಅದನ್ನು ಬಿಡಿಸಿದವರೂ ಅವರೇ. "ಇಲಿ ಮಾಡೋ ಕೆಲ್ಸುಕ್ಕೆ ನೀನ್ ಮನೇಲಿ ಏನಂತೀಯೋ ಅದ್ನೇ ಎಸ್ರಿಡು. ಇಂಗ್ಲೀಸ್ ಎಸ್ರಿಟ್ರೆ ಪುಸ್ತಕ ಕಾಣ್ತದೆ, ಇಲಿ ಕಾಣಕಿಲ್ಲ." ಮೇಷ್ಟ್ರು ಹೌದೆಂದರು. ಅವರು ಹೇಳಿದ್ದಕ್ಕೆ ಮೇಷ್ಟ್ರು ಯಾವಾಗ ಅಲ್ಲ ಅಂದಿದ್ದರು? ಸರಿ, 'ಎದ್ದು ನಿಲ್ಲು', 'ಹೆದರಿ ನಿಲ್ಲು', 'ಮೂಸು', 'ಮುಖ ಉಜ್ಜು' ಎಂದು ಶುದ್ಧ ಕನ್ನಡದಲ್ಲಿ ಬರೆದು, ಕೀಲಿಗಳ ಮೇಲೆ ಎ, ಹೆ, ಮೂ, ಉ ಎಂದು ಬಿಳಿ ಚೀಟಿ ಅಂಟಿಸಿದೆ. ಇಲಿ ಎದ್ದು ನಿಂತರೆ ಎ, ಹೆದರಿ ನಿಂತರೆ ಹೆ.

ನಾಲ್ಕು ತಿಂಗಳು ಕೂತು ಅಷ್ಟೂ ವೀಡಿಯೊ ನೋಡಿದೆ. ಬೆಳಿಗ್ಗೆ ಬೋಳು ಪಂಜರದವು, ಊಟವಾದ ಮೇಲೆ ಆಟದ ಪಂಜರದವು. ಕೊನೆಗೆ ಗ್ರಾಫ್ ತೆಗೆದರೆ, ಅಬ್ಬಾ! ಬೋಳು ಪಂಜರದವು ಗಂಟೆಗೆ ಹೆದರಿ ನಿಂತಿದ್ದವು, ಆಟದ ಪಂಜರದವು ಎದ್ದು ನಿಂತಿದ್ದವು. ಎರಡು ಕಂಬಗಳು, ಒಂದು ಇನ್ನೊಂದರ ಎರಡರಷ್ಟು. ನನ್ನ ಮದುವೆಯ ಫೋಟೊವನ್ನೂ ನಾನು ಅಷ್ಟು ಹೊತ್ತು ನೋಡಿಲ್ಲ. ಮೂರು ವಾರಕ್ಕೆ ಮೈಸೂರಿನಲ್ಲಿ ಒಂದು ವಿಚಾರ ಸಂಕಿರಣವಿತ್ತು, ಅಲ್ಲಿ ಓದುವುದೆಂದು ತೀರ್ಮಾನವಾಯಿತು. ಮೇಷ್ಟ್ರು ಕನ್ನಡಕ ಏರಿಸಿ ಗ್ರಾಫ್ ನೋಡಿ, "ಭೇಷ್" ಎಂದರು. ನನ್ನ ಜೀವನದಲ್ಲಿ ಅವರ ಬಾಯಿಂದ ಕೇಳಿದ ಒಂದೇ ಒಂದು ಭೇಷ್. ಅದರ ಬೆನ್ನಿಗೇ, "ಲ್ಯಾಬಕ್ಕ ಒಂದ್ಸಲ ನೋಡಿಬಿಡಲಿ" ಎಂದರು.

ನನ್ನ ಭೇಷು ಅಲ್ಲೇ ಹಳಸಿತು. ಪಿಎಚ್.ಡಿ. ಮಾಡುತ್ತಿರುವವಳು ನಾನು, ನೋಡಿ ಒಪ್ಪಬೇಕಾದವರು ಅವರು!

ಅವರು ವೀಡಿಯೊಗಳ ಹೆಸರನ್ನೆಲ್ಲ ಮುಚ್ಚಿಹಾಕಿ, ಯಾವುದು ಯಾವ ಪಂಜರದ್ದೆಂದು ತಿಳಿಯದ ಹಾಗೆ ಕಲೆಸಿ, ಒಂದಷ್ಟನ್ನು ಎರಡು ದಿನ ನೋಡಿದರು. ಮೂರನೆಯ ದಿನ ರೈಲಿನಲ್ಲಿ ನನ್ನ ಪಕ್ಕ ಕೂತು ಪೆನ್ಸಿಲ್ ತೆಗೆಯಲಿಲ್ಲ.

"ಒಂದ್ ಮಾತೇಳ್ತೀನಿ, ಬ್ಯಾಸ್ರ ಮಾಡ್ಕಬೇಡ ಕಣಮ್ಮಿ."

"ಹೇಳಿ ಅಕ್ಕ."

"ನಿನ್ ಆಟದ್ ಇಲಿಗಳು ಎದ್ರಿ ನಿಂತವೆ."

"ಹೌದಲ್ಲ, ಅದನ್ನೇ ನಾನೂ ತೋರಿಸಿರೋದು. ಎದ್ದು ನಿಂತಿವೆ ಅಂತ."

"ಎದ್ದು ಅಲ್ಲ, ಎದ್ರಿ. ಬಯ ಬಿದ್ದು. ನಾಕೂ ಕಾಲು ನೆಲದ್ ಮ್ಯಾಲೇ ಅವೆ, ಮೀಸೆ ಕೂಡ ಅಳ್ಳಾಡ್ತಿಲ್ಲ. ನೀನ್ ನೋಡಿದ್ರೆ ಎ ಒತ್ತಿದ್ದೀಯ. ಹೆ ಒತ್ಬೇಕಿತ್ತು." ಆ 'ಹೆ'ಯನ್ನು ಅವರು ಕನ್ನಡಿ ಒರೆಸಲು ಉಸಿರು ಬಿಡುವ ಹಾಗೆ ಕಷ್ಟಪಟ್ಟು ಹೇಳಿದರು.

"ನಾನ್ಯಾಕೆ ಎ ಒತ್ತಲಿ? ನನಗೆ ಹಕಾರ ಬರಲ್ವಾ?"

"ಬಾಯ್ಗೆ ಬತ್ತದೆ, ಬೆರಳ್ಗೆ ಬರಕಿಲ್ಲ. ಬೆಳಿಗ್ಗೆ ಮಾಡಿರೋವೆಲ್ಲ ಸರ್ಯಾಗವೆ. ಉಂಡಾದ್ ಮ್ಯಾಲೆ ಕೈ ಸೋಲ್ತದೆ ನೋಡು, ಆಗ ನಿನ್ ಬೆರಳು ಬೆಳಕವಾಡಿಗೆ ಓಯ್ತದೆ. ಇಲಿ ಎದ್ರುಕಂತು ಅಂತ ನಿನ್ ಜೀವ ಅಂತದೆ, ಬೆರಳು ಎ ಒತ್ತುತದೆ. ಬೇರೆ ಊರೋರ್ಗೆ ಈ ತಪ್ಪು ಮಾಡಕ್ಕೇ ಬರಕಿಲ್ಲ."

ಎದುರು ಸೀಟಿನಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸು ಕಿಸಕ್ಕೆಂದಳು. ಅವಳಿಗೆ ಇಲಿಯೂ ಗೊತ್ತಿಲ್ಲ, ಹಕಾರವೂ ಗೊತ್ತಿಲ್ಲ, ಆದರೆ ನನಗೆ ಕೇಳಿಸಿದ್ದು ಹಾಸ್ಟೆಲಿನ ಆ ಊಟದ ಮೇಜಿನ ನಗು. ಮೈಯೆಲ್ಲ ಉರಿದುಹೋಯಿತು.

"ನಿಮಗೆ ಹೊಟ್ಟೆಕಿಚ್ಚು" ಎಂದೆ. ಡಬ್ಬಿಗೆಲ್ಲ ಕೇಳುವ ಹಾಗೆ. "ನಿಮಗೆ ಆಗದ ಪಿಎಚ್.ಡಿ. ನನಗೆ ಆಗ್ತಿದೆಯಲ್ಲ ಅಂತ ಹೊಟ್ಟೆಕಿಚ್ಚು."

ಯಾರು ಯಾರಿಗೆ ಹೇಳಿದ ಮಾತು ನೋಡಿ! ಅವರು ಹೆಬ್ಬೆರಳಿನಿಂದ ಆ ಮೋಟನ್ನು ಉಜ್ಜಿಕೊಂಡರು.

"ಐತೆ ಕಣಮ್ಮಿ. ಇಲ್ಲ ಅಂದ್ರೆ ಸುಳ್ಳಾಯ್ತದೆ. ನಿನ್ ವಯಸ್ನಲ್ಲಿ ನಂಗೂ ಓದ್ಬೇಕು ಅಂತಿತ್ತು. ಆದ್ರೆ ನಂಗೊಟ್ಟೆಕಿಚ್ಚು ಐತೆ ಅಂದ್ಬುಟ್ಟು ಇಲಿ ಎದ್ದು ನಿಂತ್ಕತದಾ?"

ರೈಲು ಮಂಡ್ಯಕ್ಕೆ ಮುಂಚಿನ ಹನಕೆರೆಯಲ್ಲಿ ನಿಂತಿತು. ನಾನು ಬ್ಯಾಗು ಕಿತ್ತುಕೊಂಡು ಇಳಿದುಬಿಟ್ಟೆ. "ಇಳೀಬ್ಯಾಡ್ವೇ, ಬಸ್ಸಿಗೆ ರೋಡ್‌ಗಂಟ ನಡೀಬೇಕಾಯ್ತದೆ!" ಎಂದು ಅವರು ಬಾಗಿಲಿನಿಂದ ಕೂಗಿದ್ದು ಕೇಳಿಸಿತು. ತಿರುಗಿ ನೋಡಲಿಲ್ಲ. ರೈಲು ಹೋಯಿತು. ಬಿಸಿಲಲ್ಲಿ ರಸ್ತೆಯ ಕಡೆ ಹೊರಟೆ. ದಾರಿಯುದ್ದಕ್ಕೂ ಅವರಿಗೆ ಹೇಳಬೇಕಿದ್ದ ಮಾತುಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದೆ, ಎಲ್ಲಾ ಶುದ್ಧ ಕನ್ನಡದಲ್ಲಿ. ಒಂದು ಮನೆಯ ಮುಂದೆ ಮಲಗಿದ್ದ ನಾಯಿ ಎದ್ದು ಬೊಗಳುತ್ತಾ ಮೇಲೆಯೇ ಬಂತು. ನಾನು ಚೀರಿದೆ. ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಮುದುಕಿ ಒಬ್ಬಳು ನಾಯಿಗೆ ಗದರಿಸಿ, "ಯಾಕವ್ವಾ, ಎದ್ರುಕಂಡಾ?" ಎಂದಳು.

"ಇಲ್ಲ ಕಣಜ್ಜಿ, ನಾನ್ಯಾಕ್ ಎದ್ರುಕಳ್ಳಿ" ಎಂದೆ.

ಎಂದವಳು ಅಲ್ಲೇ ನಿಂತೆ. ಅಜ್ಜಿ ಹೋದಳು, ನಾಯಿ ಹೋಗಿ ಮಲಗಿತು, ನಾನು ನಿಂತೇ ಇದ್ದೆ. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ವರ್ಷಗಟ್ಟಲೆ ಉರು ಹೊಡೆದದ್ದೆಲ್ಲ ಒಂದು ಬೀದಿನಾಯಿಗೆ ಉದುರಿಹೋಗಿತ್ತು. ನಾಲಿಗೆಯೇ ಹೀಗಾದರೆ ಬೆರಳಿನ ಕಥೆ ಏನು?

ಲ್ಯಾಬಿಗೆ ಹೋದಾಗ ಅವರು ಪಂಜರ ತೊಳೆಯುತ್ತಿದ್ದರು. ಮೇಷ್ಟ್ರಿಗೆ ಹೇಳಿದ್ದೀರಾ ಎಂದು ಕೇಳಿದೆ. "ನಾನ್ಯಾಕ್ ಏಳ್ಳಿ? ಇಲಿ ನಿಂದು, ನೀನೇ ಏಳು" ಎಂದರು, ತಲೆ ಎತ್ತದೆ. ಕಂಪ್ಯೂಟರಿನ ಮುಂದೆ ಕೂತು ಮಧ್ಯಾಹ್ನದ ಒಂದು ವೀಡಿಯೊ ತೆರೆದೆ. ಗಂಟೆ ಹೊಡೆಯಿತು. ಇಲಿ ನಾಲ್ಕು ಕಾಲನ್ನೂ ಊರಿ ಕಲ್ಲಾಯಿತು. ಕೆಳಗೆ ಪಟ್ಟಿಯಲ್ಲಿ ನನ್ನ ಗುರುತು: ಎ. ಇನ್ನೊಂದು ತೆರೆದೆ. ಎ. ಮತ್ತೊಂದು. ಅಷ್ಟು ತಿಂಗಳು ಆ ಇಲಿಗಳನ್ನು ನೋಡಿದ್ದೆ ಎಂದುಕೊಂಡಿದ್ದೆನಲ್ಲ, ನೋಡಿದ್ದು ನನ್ನ ಆಸೆಯನ್ನ. ಇನ್ನೂ ಮೂರು ವಾರ ಬಾಯಿ ಮುಚ್ಚಿಕೊಂಡಿದ್ದರೆ ಮೈಸೂರಿನಲ್ಲಿ ಚಪ್ಪಾಳೆ ಸಿಗುತ್ತಿತ್ತು. ಆ ಯೋಚನೆ ಬರಲಿಲ್ಲ ಎಂದರೆ ಸುಳ್ಳು. ಆದರೆ ಪಂಜರ ತೊಳೆಯುವ ಸದ್ದು ನಿಂತಿತ್ತು. ಅವರು ಬೆನ್ನು ತಿರುಗಿಸಿಕೊಂಡೇ ಕಾಯುತ್ತಿದ್ದರು. ಎದ್ದು ಹೋಗಿ ಮೇಷ್ಟ್ರ ಬಾಗಿಲು ತಟ್ಟಿದೆ.

ಮೇಷ್ಟ್ರು ಬೈಯಲಿಲ್ಲ. ಕನ್ನಡಕ ತೆಗೆದಿಟ್ಟು, "ಎಲ್ಲಾ ಮತ್ತೆ ನೋಡು" ಎಂದರು. ಎಲ್ಲಾ ಮತ್ತೆ ನೋಡಿದೆ. ಎಂಟು ತಿಂಗಳು ಹಿಡಿಯಿತು. ಈ ಸಲ ಲ್ಯಾಬಕ್ಕ ಚೀಟಿ ಕಿತ್ತು ಕೀಲಿಗಳಿಗೆ ಬಣ್ಣ ಹಚ್ಚಿಕೊಟ್ಟಿದ್ದರು, ಹೆಸರು ಮುಚ್ಚಿದ ವೀಡಿಯೊಗಳನ್ನು ಅವರೇ ಕಲೆಸಿ ಕೊಡುತ್ತಿದ್ದರು. ಕೊನೆಗೆ ಎರಡು ಕಂಬಗಳೂ ಒಂದೇ ಎತ್ತರಕ್ಕೆ ನಿಂತವು. ಆಟವಾಡಿದ್ದೂ ಹೆದರಿತ್ತು, ಆಡದೆ ಇದ್ದದ್ದೂ ಹೆದರಿತ್ತು. ಮಳವಳ್ಳಿಯ ಹುದ್ದೆ ಆ ವರ್ಷ ಬೇರೆಯವರ ಪಾಲಾಯಿತು. ಎರಡು ವರ್ಷ ಬಿಟ್ಟು ಇನ್ನೊಂದು ಹುದ್ದೆ ಬಂದಾಗ ನನಗೆ ಸಿಕ್ಕಿತು.

ಈಗ ನಾನು ಮಾಡಿದ್ದನ್ನು ಹೇಳಬೇಕು. ಪ್ರಬಂಧದ ಮೊದಲಲ್ಲಿ ಕೃತಜ್ಞತೆ ಎಂದು ಎರಡು ಪುಟ ಬರೆದೆ. ಮೇಷ್ಟ್ರಿಗೆ, ಗಂಡನಿಗೆ, ಅವ್ವನಿಗೆ, ಕ್ಯಾಂಟೀನಿನವರಿಗೆ, ಬೈಂಡಿಂಗ್ ಅಂಗಡಿಯವರಿಗೆ, ಇಲಿಗಳಿಗೂ. ಲ್ಯಾಬಕ್ಕನ ಹೆಸರು ಟೈಪ್ ಮಾಡಿದೆ. ಓದಿಕೊಂಡೆ. ಅಳಿಸಿದೆ. ಮರೆತದ್ದಲ್ಲ. ಅಳಿಸಿದ್ದು, ಬೇಕೆಂದೇ. ಅವರು ಇಲ್ಲದಿದ್ದರೆ ನನ್ನದು ದೊಡ್ಡ ಪ್ರಬಂಧವಾಗುತ್ತಿತ್ತು ಎಂದು ಆಗ ನನ್ನ ಹೊಟ್ಟೆಯಲ್ಲಿ ಉರಿಯುತ್ತಿತ್ತು. ಸುಳ್ಳು ಪ್ರಬಂಧವಾಗುತ್ತಿತ್ತು ಎಂಬ ಬುದ್ಧಿ ಆ ಉರಿಗೆ ಇರಲಿಲ್ಲ.

ಒಂದು ಪ್ರತಿಯನ್ನು ಅವರಿಗೂ ಕೊಟ್ಟೆ. ಅವರು ಆ ಎರಡು ಪುಟಗಳನ್ನು ನಿಧಾನವಾಗಿ ಓದಿದರು. ನಡುಬೆರಳು ಒಂದೊಂದು ಹೆಸರಿನ ಮೇಲೂ ಹೋಯಿತು, ಕೊನೆಯ ಸಾಲಿಗೆ ಮುಟ್ಟಿತು, ನಿಂತಿತು. ಪುಸ್ತಕ ಮುಚ್ಚಿ ಮೇಲೆ ಕೈಯಾಡಿಸಿ, "ರಟ್ಟು ಚೆಂದಾಗ್ ಆಕ್ಸಿದ್ದೀಯ" ಎಂದರು. ಡಬ್ಬಿ ತೆಗೆದು ನನಗೂ ನಾಲ್ಕು ಹಿಪ್ಪುನೇರಳೆ ಹಣ್ಣು ಕೊಟ್ಟರು. ತಿಂದೆ.

ಅಷ್ಟರಲ್ಲಿ ಅವರು ಆ ತಂತ್ರಾಂಶಕ್ಕೆ ಹೊಸ ಭಾಗವೊಂದನ್ನು ಬರೆದು ಸೇರಿಸಿದ್ದರು. ಹತ್ತಾರು ವೀಡಿಯೊ ನೋಡಿ ಮುಗಿಸುವಷ್ಟರಲ್ಲಿ ಅದು ಹಳೆಯದೊಂದು ತುಣುಕನ್ನು ಹೆಸರು ಮುಚ್ಚಿ ಮತ್ತೆ ಮುಂದಿಡುತ್ತದೆ. ಆಗ ಒತ್ತಿದ ಕೀಲಿಗೂ ಈಗ ಒತ್ತಿದ ಕೀಲಿಗೂ ತಾಳೆಯಾಗದಿದ್ದರೆ ಕೆಲಸ ನಿಲ್ಲಿಸಿ ಒಂದು ಮಾತು ಕೇಳುತ್ತದೆ. ಬೇರೆ ಭಾಷೆಯವರಿಗೆ ಅವರವರ ಭಾಷೆಯಲ್ಲಿ ಕೇಳುತ್ತದೆ, ಕನ್ನಡ ಆರಿಸಿಕೊಂಡವರಿಗೆ ಮಾತ್ರ ಹೀಗೆ: "ಸರ್ಯಾಗ್ ನೋಡ್ದಾ? ಇನ್ನೊಂದ್ಸಲಿ ನೋಡು." ಕನ್ನಡ ಅನುವಾದ ನೋಡಿಕೊಳ್ಳುತ್ತಿದ್ದ ಯಾರೋ ಒಬ್ಬರು ಇದು ಶಿಷ್ಟವಲ್ಲ, 'ದಯವಿಟ್ಟು ಮರುಪರಿಶೀಲಿಸಿ' ಎಂದಿರಲಿ ಎಂದು ತಕರಾರು ತೆಗೆದರಂತೆ. "ಅಂಗ್ ಬರುದ್ರೆ ಯಾರೂ ನೋಡಕಿಲ್ಲ, ಸರಿ ಅಂತ ಒತ್ತಿ ಮುಂದುಕ್ ಓಯ್ತಾರೆ" ಎಂದು ಲ್ಯಾಬಕ್ಕ ಜಗಳವಾಡಿ ಗೆದ್ದರು. ಆ ಹೊಸ ಭಾಗವನ್ನು ಎಲ್ಲೆಲ್ಲಿಯವರೋ ಹೊಗಳಿದರು. ನಾನು ಮಳವಳ್ಳಿಗೆ ಸೇರಿದವಳು ಅದರ ಇತಿಹಾಸದ ಪುಟವನ್ನು ಒಂದು ಸಲವೂ ತೆರೆಯಲಿಲ್ಲ. ಅವರ ಹೆಸರು ಕಣ್ಣಿಗೆ ಬೀಳುತ್ತದಲ್ಲ.

ಅವರಿಗೆ ಕಾಯಿಲೆ ಎಂದು ಗೊತ್ತಾದಾಗ ಬೆಸಗರಹಳ್ಳಿಗೆ ಹೋದೆ. ಪಡಸಾಲೆಯ ಒಂದು ಪಕ್ಕದಲ್ಲಿ ರೇಷ್ಮೆ ಹುಳುವಿನ ತಟ್ಟೆಗಳು, ಇನ್ನೊಂದು ಪಕ್ಕದಲ್ಲಿ ಅವರ ಮಂಚ. ಗಂಡ ಸೊಪ್ಪು ಹೆಚ್ಚುತ್ತಿದ್ದರು. ಮೈ ಅರ್ಧ ಆಗಿತ್ತು, ದನಿ ಮಾತ್ರ ಹಾಗೇ ಇತ್ತು. "ಮಳವಳ್ಳಿ ಐಕ್ಳು ಎಂಗವೆ?" ಎಂದು ನನ್ನ ವಿದ್ಯಾರ್ಥಿಗಳ ಬಗ್ಗೆ ಕೇಳಿದರು. ನನ್ನ ಕೈ ಹಿಡಿದು ತಟ್ಟೆಯ ಕಡೆ ತೋರಿಸಿ, "ನೋಡು, ಜ್ವರಕ್ಕೆ ಕೂತವೆ" ಎಂದರು. ಹುಳು ಪೊರೆ ಕಳಚುವ ಮುಂಚೆ ತಿನ್ನುವುದು ಬಿಟ್ಟು, ತಲೆ ಎತ್ತಿಕೊಂಡು ಅಲುಗಾಡದೆ ಕೂರುತ್ತದೆ, ಅದಕ್ಕೆ ಜ್ವರ ಎನ್ನುತ್ತಾರೆ. "ತಲೆ ಎತ್ಕಂಡೈತೆ ಅಂದ್ಬುಟ್ಟು ಆರೋಗ್ಯವಾಗೈತೆ ಅಂದ್ಕಂಡು ಸೊಪ್ಪಾಕುದ್ರೆ ಕೆಟ್ಟೋಯ್ತದೆ. ಇದುನ್ನ ನೋಡೀ ನೋಡೀ ನಿನ್ ಇಲಿ ಗೊತ್ತಾಗಿದ್ದು ನಂಗೆ. ನಿನ್ಗಿಂತ ಬುದ್ವಂತೆ ಅಂತಲ್ಲ."

ಆಗಲಾದರೂ ಹೇಳಿಬಿಡಬೇಕೆಂದು ಬಾಯಿ ತೆರೆದೆ. "ಅಕ್ಕ, ನನ್ನ ಪ್ರಬಂಧದಲ್ಲಿ ನಿಮ್ಮ ಹೆಸರು..."

"ಬುಡಮ್ಮಿ, ಅದುನ್ನ ಯಾರ್ ಓದಾರು?" ಎಂದರು.

ಕ್ಷಮಿಸಿದರೋ, ಹಂಗಿಸಿದರೋ ಗೊತ್ತಾಗಲಿಲ್ಲ. ಹೇಳುವವಳ ಬಾಯಿ ಮುಚ್ಚಿಸಿದರಲ್ಲ ಎಂದು ಬಸ್ಸಿನುದ್ದಕ್ಕೂ ಸಿಟ್ಟು. ಸಾಯಲು ಮಲಗಿದವರ ಮೇಲೂ ಸಿಟ್ಟು ಮಾಡಿಕೊಂಡು ಬಂದ ಹೆಂಗಸು ನಾನು. ತಿಂಗಳು ಕಳೆಯುವುದರೊಳಗೆ ಅವರು ಹೋದರು. ಮಣ್ಣಿಗೆ ಹೋದಾಗ ಒಂದು ಹಿಡಿ ಮಣ್ಣು ಹಾಕಿ, ಮಾತಾಡದೆ ಬಂದೆ.

ಹೋದ ವರ್ಷದ ಮಾತು. ಮಳವಳ್ಳಿಯ ನನ್ನ ತರಗತಿಯಲ್ಲಿ ವಿದ್ಯಾರ್ಥಿಗಳು ಅದೇ ತಂತ್ರಾಂಶದಲ್ಲಿ ವೀಡಿಯೊ ನೋಡುತ್ತಿದ್ದರು. ಒಬ್ಬಳ ಪರದೆಯ ಮೇಲೆ ಆ ಮಾತು ಬಂತು. "ಮೇಡಂ, ಇದೇನಿದು, ನಮ್ಮಜ್ಜಿ ಗದರಿಸಿದಂಗೆ ಕೇಳುತ್ತೆ! ಯಾರು ಬರೆದಿದ್ದು?" ಎಂದಳು. ಮುಕ್ತ ತಂತ್ರಾಂಶ ಎಂದರೆ ಏನೆಂದು ಹೇಳಿಕೊಡಬೇಕಾದವಳು ನಾನೇ. ಬೇರೆ ದಾರಿಯಿಲ್ಲದೆ ಎಲ್ಲರಿಗೂ ಕಾಣುವ ಹಾಗೆ ದೊಡ್ಡ ಪರದೆಯ ಮೇಲೆ ಇತಿಹಾಸದ ಪುಟ ತೆರೆದೆ. ಅವರ ಹೆಸರಿತ್ತು. ಕೆಳಗೆ, ಯಾಕೆ ಬರೆದೆ ಎಂಬಲ್ಲಿ, ಇಂಗ್ಲಿಷಿನಲ್ಲೊಂದು ಸಲ, ಕನ್ನಡದಲ್ಲೊಂದು ಸಲ ಹೀಗಿತ್ತು:

"ಹೆ ಒತ್ತುವ ಕಡೆ ಎ ಒತ್ತಿ ಒಂದು ದೊಡ್ಡ ಕೆಲಸ ಕೆಡಿಸಿದೆ. ತಪ್ಪು ನನ್ನದು. ನಮ್ಮ ಊರಿನ ಬೆರಳಿಗೆ ಹಕಾರ ಬರುವುದಿಲ್ಲ. ಇನ್ನೊಬ್ಬರಿಗೆ ಹೀಗಾಗದಿರಲಿ."

ತರಗತಿ ಗೊಳ್ಳೆಂದಿತು. "ಬೆರಳಿಗೆ ಹ ಬರಲ್ವಂತೆ ಕಣ್ರೇ!" ಎಂದು ಒಬ್ಬಳು ಡೆಸ್ಕು ಬಡಿದಳು. ಹಾಸ್ಟೆಲಿನ ಅದೇ ನಗು. ನನಗಾಗಿ ಕಾದು ಕೂತಿದ್ದ ನಗು, ಅವರ ಮೇಲೆ ಹೋಗಿ ಬಿದ್ದಿತ್ತು. ಲೋಕವೆಲ್ಲ ಓದುವ ಜಾಗದಲ್ಲಿ ಅವರು ನನ್ನ ತಪ್ಪನ್ನು ತಮ್ಮ ಹೆಸರಿಗೆ ಬರೆದುಕೊಂಡು, ನನ್ನ ಮುಂದೆ ಉಸಿರೂ ಬಿಡದೆ, ಹಣ್ಣು ತಿನ್ನಿಸಿ ಕಳಿಸಿದ್ದರು. ನಾನು ಯಾರೂ ಓದದ ಪುಸ್ತಕದಲ್ಲಿ ಅವರ ಹೆಸರು ಅಳಿಸಿದ್ದೆ.

"ನಗಬೇಡಿ" ಎಂದೆ. "ಅದು ಅವರ ತಪ್ಪಲ್ಲ, ನನ್ನ ತಪ್ಪು. ಬೆರಳು ನಂದು." ಯಾರಿಗೂ ಅರ್ಥವಾಗಲಿಲ್ಲ. ಮೊದಲಿನಿಂದ ಹೇಳಿದೆ, ರೈಲು, ಹನಕೆರೆ, ನಾಯಿ, ಅಳಿಸಿದ ಹೆಸರು, ಎಲ್ಲಾ. ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ಎಲ್ಲರೂ ಹೋದ ಮೇಲೆ ಒಬ್ಬಳೇ ಕೂತೆ. ಗೌರವ ಬಂತು, ಅಳು ಬಂತು, ಸರಿ. ಆದರೆ ಅವುಗಳ ಜೊತೆಗೇ ಆ ಹಳೆಯ ಕಿಚ್ಚೂ ಬಂತು. ಎಲ್ಲಾ ಅವರದೇ, ಕೊನೆಗೆ ನನ್ನ ತಪ್ಪೂ ಅವರದೇ ಆಗಬೇಕೇ? ಅದೊಂದಾದರೂ ನನಗೆ ಬೇಕು ಎನಿಸಿತು. ಆ ಇತಿಹಾಸದಲ್ಲಿ ಬರೆದದ್ದನ್ನು ಅಳಿಸಲು ಬರುವುದಿಲ್ಲ, ಕೆಳಗೆ ಸೇರಿಸಬಹುದು. ಆ ತಂತ್ರಾಂಶಕ್ಕೆ ನನ್ನ ಮೊದಲ ಕೊಡುಗೆ ಬರೆಯಲು ಕೂತೆ. "ಮೇಲೆ ಹೇಳಿದ ತಪ್ಪು ಅವರದಲ್ಲ, ನನ್ನದು. ಇಲಿ ಹೆದರಿ ನಿಂತಾಗ ಎದ್ದು ನಿಂತಿತು ಎಂದು ಒತ್ತಿದವಳು ನಾನು, ಬೆಳಕವಾಡಿಯವಳು. ಕಂಡುಹಿಡಿದವರು ಅವರು." ಕೆಳಗೆ ನನ್ನ ಹೆಸರು.

ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟವಳು ತೆಗೆದೆ. ಇನ್ನೊಂದ್ಸಲಿ ನೋಡು. ನೋಡಿದೆ. 'ಹೆದರಿ' ಎಂದು ಬರೆದೆ ಅಂದುಕೊಂಡಿದ್ದಲ್ಲಿ 'ಎದರಿ' ಎಂದಿತ್ತು.

ತಿದ್ದಲಿಲ್ಲ. ಹಾಗೇ ಕಳಿಸಿದೆ. ವಾರ ಕಳೆದು ಅದು ಸೇರಿತು. ಈಗ ಅಲ್ಲಿ ಅವರ ಹೆಸರಿನ ಕೆಳಗೆ ನನ್ನ ಹೆಸರಿದೆ. ಕೆಳಗೇ ಇದೆ, ಅದಕ್ಕೂ ಸ್ವಲ್ಪ ಹೊಟ್ಟೆ ಉರಿಯುತ್ತದೆ.